ಮಳೆಗಾಲಕ್ಕೆಂದು ಬೇಸಿಗೆಯ ದಾಸ್ತಾನು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಬೇಸಿಗೆಯ ಮನೆಗೆಲಸಗಳಲ್ಲಿ ಹೆಚ್ಚಿನವು ಮಳೆಗಾಲವನ್ನು ಮುಂದಿಟ್ಟುಕೊಂಡೇ ನಡೆಯುತ್ತವೆ. ಶೃಂಗೇರಿಯ ಸುತ್ತ ವರ್ಷಕ್ಕೆ 3000 ಮಿಲಿಮೀಟರ್ ಮೀರುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುವುದರಿಂದ, ಆ ಅವಧಿಯಲ್ಲಿ ಅಂಗಳಕ್ಕೆ ಹಾಕಿದ್ದು ಒಣಗುವ ಮಾತಿರಲಿ, ಮೊದಲೇ ಒಣಗಿಸಿ ಒಳಗಿಟ್ಟದ್ದೂ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ. ಕೆಂಪಡಿಕೆಯ ಕೆಲಸ ಮುಗಿದು ಅಂಗಳವೂ ಚಪ್ಪರವೂ ಖಾಲಿಯಾಗುವ ಶಿವರಾತ್ರಿಯ ಹೊತ್ತಿನಿಂದ ರೋಹಿಣಿ ಮಳೆ ಹಿಡಿಯುವ ಮೇ ಕೊನೆಯವರೆಗಿನ ಸುಮಾರು ಮೂರು ತಿಂಗಳಷ್ಟೇ ಒಣಗಿಸುವ ಕೆಲಸಕ್ಕೆ ಸಿಗುವ ಕಾಲ. ಅದರಲ್ಲೂ ಭರಣಿ, ಕೃತ್ತಿಕೆಯ ಗುಡುಗುಮಳೆಗಳು ಮಧ್ಯಾಹ್ನದ ಮೇಲೆ ಎಷ್ಟು ದಿನವನ್ನು ಕಸಿದುಕೊಳ್ಳುತ್ತವೆ ಎಂಬುದನ್ನು ಮೊದಲೇ ಹೇಳಲಾಗದು. ಅಪ್ಪೆಮಿಡಿ ಉಪ್ಪಿಗೆ ಬೀಳುವುದು, ಹಲಸಿನ ಹಪ್ಪಳ ಚಾಪೆಗೆ ಏರುವುದು ಈ ದಿನಗಳಲ್ಲೇ ಆದರೂ, ಅವುಗಳ ಪಕ್ಕದಲ್ಲಿ ಮೊರ, ಗೆರಸಿಗಳ ಮೇಲೆ ಸದ್ದಿಲ್ಲದೆ ಒಣಗುವ ಹೂ, ಸಿಪ್ಪೆ, ಬೇರುಗಳು ಅಡುಗೆ ಮತ್ತು ಮನೆಮದ್ದು ಎರಡಕ್ಕೂ ಸೇರಿದವು.

ಮೂರು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಅವುಗಳ ಕಾಡು ಒಂದೇ ಬಗೆಯದಲ್ಲ. ಘಟ್ಟದ ಅಂಚಿಗಿರುವ ಶೃಂಗೇರಿಯ ನಿತ್ಯಹರಿದ್ವರ್ಣದ ಕಾಡಿನಲ್ಲಿ, ಅಂದರೆ ವರ್ಷವಿಡೀ ಎಲೆ ಹೊತ್ತಿರುವ ಮರಗಳ ಕಾಡಿನಲ್ಲಿ, ಮುರುಗಲು, ಉಪ್ಪಾಗೆ, ರಾಮಪತ್ರೆ, ಧೂಪದ ಮರಗಳು ಹೆಚ್ಚು. ಪೂರ್ವಕ್ಕೆ ಸರಿದು ಭದ್ರೆಯ ಹಿನ್ನೀರಿನ ಕಡೆಗೆ, ಹಿಂದೆ ಎಡೇಹಳ್ಳಿ ಎಂದು ಕರೆಸಿಕೊಳ್ಳುತ್ತಿದ್ದ ನರಸಿಂಹರಾಜಪುರದ ಕಡೆಗೆ ಬಂದಂತೆ ಮಳೆ ಕಡಿಮೆಯಾಗಿ, ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು ಸಿಗುತ್ತದೆ. ನೆಲ್ಲಿ, ಅಳಲೆ, ತಾರೆ, ಸೀಗೆಗಳು ಅಲ್ಲಿನವು. ಕೊಪ್ಪ ಎರಡರ ನಡುವಿನದು. ಒಂದು ಮನೆಯ ಅಟ್ಟದಲ್ಲಿ ಮುರುಗಲ ಸಿಪ್ಪೆ ತುಂಬಿದ್ದರೆ ಇನ್ನೊಂದು ಮನೆಯ ಭರಣಿಯಲ್ಲಿ ನೆಲ್ಲಿಚಟ್ಟು (ಬೇಯಿಸಿ ಬೀಜ ತೆಗೆದ ನೆಲ್ಲಿಕಾಯಿಯನ್ನು ಉಪ್ಪು ಹಾಕಿ ಜಜ್ಜಿ, ಕಪ್ಪಾಗುವವರೆಗೆ ಬಿಸಿಲಿಗಿಟ್ಟ ಬಿಲ್ಲೆ) ತುಂಬಿರುವುದಕ್ಕೆ ಮನೆಯವರ ಬಾಯಿರುಚಿಯಷ್ಟೇ ಈ ಭೂಗೋಳವೂ ಕಾರಣ.

ಯಾವ ಭಾಗವನ್ನು ಯಾವ ಋತುವಿನಲ್ಲಿ ಸಂಗ್ರಹಿಸಬೇಕೆಂಬ ವಿಚಾರ ಶಾಸ್ತ್ರಗ್ರಂಥಗಳಲ್ಲೂ ಬಂದಿದೆ. ಚರಕಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯವು ಬೇರುಗಳನ್ನು ಗ್ರೀಷ್ಮದಲ್ಲಿ ಅಥವಾ ಶಿಶಿರದಲ್ಲಿಯೂ, ಎಲೆ ಮತ್ತು ರೆಂಬೆಗಳನ್ನು ವರ್ಷ ಹಾಗೂ ವಸಂತ ಋತುಗಳಲ್ಲಿಯೂ, ತೊಗಟೆ, ಗೆಡ್ಡೆ ಮತ್ತು ಹಾಲನ್ನು ಶರತ್ತಿನಲ್ಲಿಯೂ, ಹೂ ಹಣ್ಣುಗಳನ್ನು ಅವು ಬರುವ ಕಾಲದಲ್ಲಿಯೂ ತೆಗೆದುಕೊಳ್ಳಬೇಕೆನ್ನುತ್ತದೆ. ಮಲೆನಾಡಿನ ರೂಢಿ ಇದಕ್ಕೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಆದರೆ ಗ್ರಂಥವನ್ನು ನೋಡಿ ಈ ರೂಢಿ ಬಂದಿತೆಂದು ಹೇಳುವುದು ಆತುರದ ಮಾತಾದೀತು. ಸೊಪ್ಪು, ಹೂಗಳನ್ನು ತಲೆಮಾರುಗಳಿಂದ ಕೊಯ್ದು ಅಡುಗೆಗೆ ಬಳಸಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಸಂಹಿತೆಗಳ ಪರಿಚಯವಿದ್ದಿರಲಾರದು.

ಈ ದಾಸ್ತಾನಿನಲ್ಲಿ ಎಲ್ಲಕ್ಕಿಂತ ವಿಶಿಷ್ಟವಾದದ್ದು ಕೊಡಸಿಗೆ ಹೂವು. ಸಂಸ್ಕೃತದಲ್ಲಿ ಕುಟಜವೆನಿಸಿಕೊಳ್ಳುವ ಕೊಡಸಿಗ ಸಣ್ಣ ಮರ. ಎಲೆ ಕಿತ್ತರೆ ಬಿಳಿಯ ಹಾಲು ಒಸರುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಕೊಂಬೆಗಳ ತುದಿಯಲ್ಲಿ ಐದೆಸಳಿನ ಬಿಳಿಯ ಹೂಗಳು ಗೊಂಚಲಾಗಿ ಅರಳುತ್ತವೆ. ಇದರ ತೊಗಟೆ ಮತ್ತು ಇಂದ್ರಯವವೆಂಬ ಬೀಜ ರಕ್ತಭೇದಿ, ಆಮಶಂಕೆಗಳಿಗೆ ಆಯುರ್ವೇದದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ತೊಗಟೆಯಲ್ಲಿರುವ ಕೊನೆಸ್ಸೀನ್ ಎಂಬ ಕಹಿ ಕ್ಷಾರಾಭವನ್ನು, ಅಂದರೆ ಸಾರಜನಕವುಳ್ಳ ಸಸ್ಯರಾಸಾಯನಿಕವನ್ನು, ಆಧುನಿಕ ವೈದ್ಯವೂ ಒಂದು ಕಾಲಕ್ಕೆ ಅಮೀಬಾದಿಂದ ಬರುವ ಭೇದಿಗೆ ಪ್ರಯೋಗಿಸಿತ್ತು. ಮನೆಗಳಲ್ಲಿ ಬಳಕೆಯಾಗುವುದು ಮಾತ್ರ ಮುಖ್ಯವಾಗಿ ಹೂವು. ಬಿಸಿಲೇರುವ ಮುನ್ನ ಕೊಯ್ದ ಹೂಗಳನ್ನು ತೊಟ್ಟು, ಕಡ್ಡಿ, ಇರುವೆಗಳಿಂದ ಬಿಡಿಸಿ ಹಳೆಯ ಪಂಚೆಯ ಮೇಲೆ ತೆಳ್ಳಗೆ ಹರವಿದರೆ, ಬಿಳುಪು ಮೊದಲು ಹಳದಿಗೆ, ಬಳಿಕ ಕಂದಿಗೆ ತಿರುಗಿ, ಬುಟ್ಟಿ ತುಂಬ ಇದ್ದದ್ದು ಕೊನೆಗೆ ಬೊಗಸೆಯಷ್ಟಾಗಿ ಉಳಿಯುತ್ತದೆ. ಆಷಾಢದ ಒಂದು ಮಧ್ಯಾಹ್ನ ಅದರಿಂದ ಒಂದು ಚಿಟಿಕೆ ತೆಗೆದು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು, ಕಾಯಿತುರಿಯೊಂದಿಗೆ ಅರೆದು, ಮಜ್ಜಿಗೆಗೆ ಬೆರೆಸಿದರೆ ತಂಬುಳಿ ಸಿದ್ಧವಾಗುತ್ತದೆ. ಹೊಟ್ಟೆ ಕೆಡುವ ಪ್ರಸಂಗಗಳು ಹೆಚ್ಚಾಗುವ ಮಳೆಗಾಲಕ್ಕೆ ಹೊಟ್ಟೆಯನ್ನು ಹಿಡಿತದಲ್ಲಿಡುತ್ತದೆಂಬ ನಂಬಿಕೆಯ ಹೂವನ್ನು ಬೇಸಿಗೆಯಲ್ಲೇ ಒಣಗಿಸಿಡುವುದರಲ್ಲಿ ಈ ಪದ್ಧತಿಯ ತರ್ಕವೆಲ್ಲ ಅಡಗಿದೆ. ಶಾರ್ಙ್ಗಧರಸಂಹಿತೆ ಯಾವಾಗಲೂ ಹಸಿಯಾಗಿಯೇ ಬಳಸಬೇಕಾದ ದ್ರವ್ಯಗಳ ಸಾಲಿನಲ್ಲಿ ಅಮೃತಬಳ್ಳಿ, ಆಡುಸೋಗೆ, ಶತಾವರಿಗಳೊಂದಿಗೆ ಕುಟಜವನ್ನೂ ಹೆಸರಿಸುತ್ತದೆ. ಮಲೆನಾಡಿನ ಅಡುಗೆಮನೆ ಹೂವಿನ ಮಟ್ಟಿಗೆ ಈ ಮಾತನ್ನು ಲೆಕ್ಕಕ್ಕಿಟ್ಟುಕೊಂಡಂತಿಲ್ಲ.

ಸೊಪ್ಪುಗಳ ವಿಷಯದಲ್ಲಿ ಇದೇ ಅಡುಗೆಮನೆಯ ನಿಲುವು ಬೇರೆ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿಗಳನ್ನು ಒಣಗಿಸಿ ಡಬ್ಬಕ್ಕೆ ತುಂಬುವ ರೂಢಿ ಇಲ್ಲಿ ವಿರಳ, ಮತ್ತು ಅದಕ್ಕೆ ಸಕಾರಣವಿದೆ. ದೊಡ್ಡಪತ್ರೆಯ ರಸತುಂಬಿದ ದಪ್ಪ ಎಲೆ ಒಣಗುವ ಮೊದಲೇ ಕೊಳೆಯುವುದುಂಟು. ಅದರ ಘಾಟು ಹಾರುವ ಎಣ್ಣೆಯಲ್ಲಿರುವುದರಿಂದ, ಅಂದರೆ ಗಾಳಿಗೆ ಆವಿಯಾಗುವ ಸುವಾಸನೆಯ ಎಣ್ಣೆಯಲ್ಲಿರುವುದರಿಂದ, ಬಿಸಿಲಿಗಿಟ್ಟಷ್ಟೂ ಗುಣ ಗಾಳಿಗೆ ಹೋಗುತ್ತದೆ. ಒಂದೆಲಗಕ್ಕೆ ಬೇಕಾದದ್ದು ಬಚ್ಚಲ ನೀರು ಹರಿದುಹೋಗುವ ಹಿತ್ತಲಿನ ತಂಪು ಮೂಲೆ. ನೆಲಕ್ಕೆ ಹಬ್ಬುವ ಅದರ ಬಳ್ಳಿ ಗೆಣ್ಣುಗೆಣ್ಣಿಗೂ ಬೇರುಬಿಟ್ಟು, ಬಾವಿಯ ನೀರು ಪಾತಾಳಕ್ಕಿಳಿದ ಏಪ್ರಿಲ್‌ನಲ್ಲೂ ನಾಲ್ಕೆಲೆ ಕೊಡುತ್ತದೆ. ಬಜೆ, ಮಜ್ಜಿಗೆಹುಲ್ಲು, ಆಡುಸೋಗೆ, ತುಳಸಿ, ಬೇಲಿಗೆ ಹಬ್ಬಿಸಿದ ಅಮೃತಬಳ್ಳಿಗಳದೂ ಇದೇ ಕಥೆ. ಸಂರಕ್ಷಣೆಯೆಂದರೆ ಒಣಗಿಸುವುದೇ ಎಂಬ ಇಂದಿನ ಎಣಿಕೆಗಿಂತ, ಕೆಲವನ್ನು ಜೀವಂತವಾಗಿ ಉಳಿಸಿಕೊಳ್ಳುವುದೇ ಸರಿಯಾದ ಸಂರಕ್ಷಣೆಯೆಂಬ ಹಿತ್ತಲಿನ ತಿಳಿವಳಿಕೆ ಹೆಚ್ಚು ಶಾಸ್ತ್ರೀಯವೆನ್ನಬೇಕು.

ಹಣ್ಣುಗಳ ಪೈಕಿ ಮುರುಗಲು ಮತ್ತು ಉಪ್ಪಾಗೆ ಒಂದೇ ಕುಲದ ಮರಗಳಾದರೂ ಅವುಗಳ ಭಾಗ್ಯ ಬೇರೆಬೇರೆ. ಕರಾವಳಿಯವರು ಪುನರ್ಪುಳಿ ಎನ್ನುವ ಮುರುಗಲು ಏಪ್ರಿಲ್ ಮೇ ತಿಂಗಳಲ್ಲಿ ಕೆಂಪಗೆ ಮಾಗುವುದರಿಂದ, ಹಣ್ಣನ್ನು ಒಡೆದು ಸಿಪ್ಪೆಯನ್ನು ಉಪ್ಪು ಬೆರೆತ ಅದರದೇ ರಸದಲ್ಲಿ ಅದ್ದಿ ಬಿಸಿಲಿಗೆ ಹಾಕುವ ಕೆಲಸವನ್ನು ಸೂರ್ಯನೇ ಮುಗಿಸಿಕೊಡುತ್ತಾನೆ. ಬೀಜದಿಂದ ತೆಗೆದ ತುಪ್ಪ ಗಟ್ಟಿಯಾಗಿ, ಒಡೆದ ಹಿಮ್ಮಡಿಗೆ ಮುಲಾಮಾಗುತ್ತದೆ. ಉಪ್ಪಾಗೆ ಮಾಗುವುದು ಜೂನ್‌ನಿಂದ ಆಚೆಗೆ, ಬಿಸಿಲಿಲ್ಲದ ಕಾಲದಲ್ಲಿ. ಅದನ್ನು ಬೆಂಕಿಯ ಮೇಲೆ ಒಣಗಿಸದೆ ಗತ್ಯಂತರವಿಲ್ಲ. ಅಡುಗೆಯ ಹುಳಿಗೂ ಬೀಜದ ತುಪ್ಪಕ್ಕೂ ಬೇಕಾದಷ್ಟನ್ನೇ ಒಣಗಿಸುತ್ತಿದ್ದ ದಿನಗಳಲ್ಲಿ ಇದು ಹೊರೆಯಾಗಿರಲಿಲ್ಲ. ಆದರೆ 1990ರ ದಶಕದಲ್ಲಿ ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈಯ ಕೊಬ್ಬು ಕರಗಿಸುತ್ತದೆಂಬ ಪ್ರಚಾರ ಹೊರದೇಶಗಳಲ್ಲಿ ಹಬ್ಬಿ ಬೆಲೆ ಏರಿದಾಗ, ಪಶ್ಚಿಮ ಘಟ್ಟದ ಅನೇಕ ಕಡೆ ಕಾಯಿ ಬಲಿಯುವ ಮುನ್ನವೇ ಕೊಂಬೆ ಕಡಿದು ಇಳಿಸುವುದು, ಒಣಗಿಸಲು ರಾಶಿರಾಶಿ ಹಸಿ ಸೌದೆ ಸುಡುವುದು ನಡೆಯಿತು. 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ, ಈ ಆಮ್ಲ ಸೇವಿಸಿದವರಿಗೂ ಸುಳ್ಳುಗುಳಿಗೆ ಸೇವಿಸಿದವರಿಗೂ ತೂಕ ಇಳಿಯುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹೊಂದಿದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟುಬಿದ್ದ ಪ್ರಕರಣಗಳೂ ಮುಂದೆ ವರದಿಯಾದವು. ಯಾರದೋ ಮೈ ಕರಗಿಸಲು ಇಲ್ಲಿನ ಕಾಡು ಕರಗಿತೆಂದರೆ ತಪ್ಪಾಗದು.

ಬೇರುಗಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಎಲೆ ಉದುರಿದ ಗಿಡ ತನ್ನ ಆಹಾರವನ್ನು ಬೇರಿನಲ್ಲಿ ಕೂಡಿಟ್ಟುಕೊಳ್ಳುವುದರಿಂದ ಬೇಸಿಗೆಯ ಬೇರು ಸಾರವತ್ತಾಗಿರುತ್ತದೆ, ಮತ್ತು ಮೊದಲ ಮಳೆಗೆ ನೆಲ ಹದಗೊಂಡರೆ ಅಗೆಯುವುದೂ ಸಲೀಸು. ಶರಬತ್ತಿಗೂ ಕಷಾಯಕ್ಕೂ ಒದಗುವ ಸೊಗದೆ ಬೇರು ತೆಳ್ಳಗೆ, ಉದ್ದಕ್ಕೆ, ಕಲ್ಲುಸಂದಿಯಲ್ಲಿ ಇಳಿದಿರುತ್ತದೆ. ಪೂರ್ತಿ ಎಳೆಯದೆ ತುಂಡು ಉಳಿಸಿದರೆ ಬಳ್ಳಿ ಮತ್ತೆ ಚಿಗುರೀತು. ಹಲವು ಮಕ್ಕಳ ತಾಯಿ ಎಂದೂ ಹೆಸರಿರುವ ಶತಾವರಿಯ ಬುಡದಲ್ಲಿ ಗೊಂಚಲಾಗಿರುವ ಬೇರುಗೆಡ್ಡೆಗಳಲ್ಲಿ ಅರ್ಧ ತೆಗೆದು ಬುಡವನ್ನು ಮಣ್ಣುಮುಚ್ಚಿ ಬಿಡಲು ಸಾಧ್ಯ. ಸರ್ಪಗಂಧದಲ್ಲಿ ಅಂಥ ಅವಕಾಶ ಕಡಿಮೆ. 1952ರಲ್ಲಿ ಅದರ ಬೇರಿನಿಂದ ರೆಸರ್ಪೀನ್ ಎಂಬ ರಕ್ತದೊತ್ತಡದ ಮದ್ದನ್ನು ಬೇರ್ಪಡಿಸಿದ ಮೇಲೆ ಕಾಡಿನ ಸರ್ಪಗಂಧಕ್ಕೆ ಬೇಡಿಕೆ ಏರಿ, 1990ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಇಂಥ ಗಿಡವನ್ನು ಮನೆಮದ್ದಿಗೆಂದು ಕಿತ್ತು ತರುವುದು ಕಾಡಿಗೂ ಕೆಡುಕು, ರಕ್ತದೊತ್ತಡವನ್ನು ಅಳತೆಯಿಲ್ಲದೆ ಇಳಿಸಬಲ್ಲ ಅದರ ಗುಣದಿಂದಾಗಿ ಸೇವಿಸಿದವರಿಗೂ ಅಪಾಯ.

ಒಣಗಿಸುವ ವಿಧಾನದಲ್ಲಿ ಗುಟ್ಟೇನೂ ಇಲ್ಲ; ಬೇಕಾದದ್ದು ತಾಳ್ಮೆ. ತೂಕದ ಮುಕ್ಕಾಲಿಗಿಂತ ಹೆಚ್ಚು ನೀರೇ ಆಗಿರುವ ಸೊಪ್ಪು, ಹೂಗಳಲ್ಲಿ ತೇವ ಶೇಕಡ 10ರ ಆಸುಪಾಸಿಗೆ ಇಳಿಯದೆ ಶಿಲೀಂಧ್ರದ ಭಯ ತಪ್ಪದು. ಹಾರುವ ಎಣ್ಣೆಯಿರುವ ಎಲೆ, ಹೂಗಳು ಗಾಳಿಯಾಡುವ ನೆರಳಿನಲ್ಲಿ ಒಣಗಬೇಕು. ಬೇರು, ತೊಗಟೆ, ಹುಳಿಸಿಪ್ಪೆಗಳಿಗೆ ಬಿಸಿಲು ಆದೀತು, ಆದರೆ ದಪ್ಪ ಬೇರನ್ನು ಸೀಳದೆ ಹಾಕಿದರೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಎಲೆ ಬೆರಳಸಂದಿಯಲ್ಲಿ ಪುಡಿಯಾಗಬೇಕು, ಕಡ್ಡಿ ಬಾಗದೆ ಲಟಕ್ಕನೆ ಮುರಿಯಬೇಕು. ಬಿಸಿ ಆರುವ ಮುನ್ನ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರಿ ಎಲ್ಲವೂ ಹಾಳಾಗುತ್ತದೆ. ಶಾರ್ಙ್ಗಧರಸಂಹಿತೆ ಒಣ ದ್ರವ್ಯದ ಸತ್ವಕ್ಕೆ ಒಂದು ವರ್ಷವನ್ನೂ, ಪುಡಿಗೆ ಎರಡೇ ತಿಂಗಳನ್ನೂ ಅವಧಿಯಾಗಿ ಹೇಳಿರುವುದು ಇಂದಿಗೂ ಪಾಲಿಸಬಹುದಾದ ಮಾತು: ಪುಡಿಯಾದಷ್ಟೂ ಗಾಳಿ, ಬೆಳಕು, ತೇವಗಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚುತ್ತದೆ. ಕಷಾಯದ ಪುಡಿಯನ್ನು ವರ್ಷಕ್ಕಾಗುವಷ್ಟು ಒಮ್ಮೆಗೇ ಮಿಕ್ಸಿಗೆ ಹಾಕುವವರು ಇದನ್ನು ಗಮನಿಸಬೇಕು. ಹಿಂದೆ ಒಲೆಯ ಮೇಲಿನ ಅಟ್ಟ ಹೊಗೆಯಿಂದಲೂ ಬಿಸಿಯಿಂದಲೂ ಇಡೀ ಮಳೆಗಾಲ ಬೆಚ್ಚಗಿರುತ್ತಿದ್ದುದರಿಂದ ಅಲ್ಲಿಟ್ಟ ಸರಕಿಗೆ ಬೂಷ್ಟಿನ ಕಾಟ ಕಡಿಮೆಯಿತ್ತು. ಗ್ಯಾಸ್ ಒಲೆ ಬಂದು ಹೆಂಗಸರ ಕಣ್ಣು, ಎದೆಗೂಡು ಹೊಗೆಯಿಂದ ಬಿಡುಗಡೆಯಾದದ್ದು ಎಲ್ಲಕ್ಕಿಂತ ದೊಡ್ಡ ಲಾಭ. ಅಟ್ಟದ ಕೆಲಸವನ್ನು ಈಗ ಬಿಗಿಮುಚ್ಚಳದ ಗಾಜಿನ ಬಾಟಲಿ ಮಾಡಬೇಕಾಗಿದೆ, ಅಷ್ಟೆ.

ಸಂಗ್ರಹದ ಹಕ್ಕು ಯಾರದು ಎಂಬುದೂ ಇಲ್ಲಿ ಮುಖ್ಯ. ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯ ಕಡೆಯ ಕಾಡು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ, ನರಸಿಂಹರಾಜಪುರದ ಕಡೆಯ ಕಾಡಿನ ಒಂದು ಪಾಲು 1998ರಲ್ಲಿ ಹುಲಿ ಮೀಸಲು ಪ್ರದೇಶವಾದ ಭದ್ರಾ ಅಭಯಾರಣ್ಯಕ್ಕೂ ಸೇರಿದ್ದು, ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂಗ್ರಹವನ್ನು ಬಿಗಿಯಾಗಿ ನಿರ್ಬಂಧಿಸುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕು ನೀಡಿದೆ. ಈ ತಾಲ್ಲೂಕುಗಳ ಹಸಲರು, ಗೌಡಲು, ಮಲೆಕುಡಿಯರಿಗೆ ಸೀಗೆ, ಜೇನು, ರಾಮಪತ್ರೆಗಳು ಹವ್ಯಾಸದ ವಸ್ತುಗಳಲ್ಲ, ಬದುಕಿನ ಆಸರೆ. ತೋಟಗಾರರಿಗೆ ಅಡಿಕೆ ತೋಟದ ಗೊಬ್ಬರಕ್ಕಾಗಿ ಸೊಪ್ಪು, ದರಗು ತರಲು ರಿಯಾಯಿತಿಯಿರುವ ಸೊಪ್ಪಿನಬೆಟ್ಟಗಳಲ್ಲೂ ಕೊಡಸಿಗ, ಸೊಗದೆಗಳು ಸಿಗುತ್ತವೆಯಾದರೂ, ಕೊಂಬೆಯ ತುದಿಯಲ್ಲಿ ಹೂಬಿಡುವ ಮರದ ತುದಿಯನ್ನೇ ಸೊಪ್ಪಿಗೆಂದು ಸವರಿದರೆ ಆ ವರ್ಷದ ಹೂ ತಪ್ಪುತ್ತದೆ. ಹಳದಿ ಎಲೆ ರೋಗದಿಂದ ಅಡಿಕೆ ಸೊರಗಿದ ಈ ಭಾಗದಲ್ಲಿ ಔಷಧಿ ಸಸ್ಯಗಳ ಬೆಳೆಯೇ ಪರಿಹಾರವೆಂಬ ಸಲಹೆ ಆಗಾಗ ಕೇಳಿಬರುತ್ತದೆ. ವೆನಿಲ್ಲಾದ ಬೆಲೆ ಏರಿ ಬಿದ್ದದ್ದನ್ನು ಕಂಡ ರೈತರು, ಕೊಳ್ಳುವವರು ಯಾರೆಂದು ಖಚಿತವಾಗದೆ ಅದನ್ನು ನಂಬದಿರುವುದೇ ಲೇಸು.

ಕೊನೆಯದಾಗಿ, ಗುರುತಿನ ಮಾತು. ಕೊಡಸಿಗದ ಬೀಜವೆಂದು ಮಾರುಕಟ್ಟೆಗೆ ಬರುವುದರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಮರವೊದಗಿಸುವ ಆಲೆಯ ಬೀಜ ಬೆರೆತಿರುವುದುಂಟು. ಆಲೆಯ ಜೋಡಿ ಕೋಡುಗಳು ಎಳೆಯದರಲ್ಲಿ ತುದಿಗೆ ಅಂಟಿಕೊಂಡಿದ್ದರೆ ಕೊಡಸಿಗದವು ಬಿಡಿಬಿಡಿಯಾಗಿ ತೂಗುತ್ತವೆ, ಅದರ ಬೀಜ ಕಹಿ. ಮರದ ಮೇಲೆ ಸುಲಭವಾಗಿ ಕಾಣುವ ಈ ಭೇದ ಒಣಗಿ ಪುಡಿಯಾದ ಮೇಲೆ ಯಾರಿಗೂ ತಿಳಿಯದು. ಕೊಪ್ಪದಲ್ಲಿ ಆರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. ಆಯುರ್ವೇದ ಕಾಲೇಜುಗಳಲ್ಲಿ ಗಿಡಮೂಲಿಕೆಗಳ ಗುರುತು, ಗುಣಗಳನ್ನು ಕಲಿಸುವ ವಿಭಾಗಕ್ಕೆ ದ್ರವ್ಯಗುಣವೆಂದು ಹೆಸರು. ಖಚಿತವಾಗಿ ಗೊತ್ತಿಲ್ಲದ ಗಿಡವನ್ನು ಒಣಗಿಸುವ ಮೊದಲು ಎಲೆ, ಹೂ, ಕಾಯಿ ಸಹಿತವಾದ ರೆಂಬೆಯೊಂದನ್ನು ತಿಳಿದವರಿಗೆ ತೋರಿಸಬೇಕು. ಹಾಗೆಯೇ ಈ ಬೇಸಿಗೆಯಲ್ಲಿ ಕೊಡಸಿಗೆ ಹೂ ಕೊಯ್ಯುವವರು ಪ್ರತಿ ಮರದಲ್ಲೂ ಅರ್ಧದಷ್ಟು ಗೊಂಚಲನ್ನಾದರೂ ಕಾಯಿಕಟ್ಟಲು ಬಿಡಬೇಕು.