ಗಟ್ಟಿಮೇಳ ಏನು ಹೇಳುತ್ತದೆ?

ಛತ್ರದಲ್ಲಿ ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಎನ್ನುತ್ತಾರೆ. ನಾಗಸ್ವರ ಏರುತ್ತದೆ, ಡೋಲು ಬಿರುಸಾಗುತ್ತದೆ. ಊಟದ ಹಾಲ್‌ನಲ್ಲಿದ್ದವರಿಗೂ ತಾಳಿ ಕಟ್ಟುತ್ತಿದ್ದಾರೆಂದು ತಿಳಿಯುತ್ತದೆ. ಅಂದರೆ ಸಂಗೀತ ಮಾತಿಲ್ಲದೆಯೇ ಖಚಿತವಾದ ಸುದ್ದಿ ಹೇಳಿತಲ್ಲವೇ? ಹೇಳಿತು, ಆದರೆ ರೂಢಿಯ ಬಲದಿಂದ. ಈ ಪದ್ಧತಿ ಗೊತ್ತಿಲ್ಲದವರ ಕಿವಿಗೆ ಅದು ಬರೀ ಅಬ್ಬರ (ಡೋಲಿನವರು ಕ್ಷಮಿಸಬೇಕು). ಅರ್ಥ ಸ್ವರದೊಳಗೇ ಇದ್ದಿದ್ದರೆ ದಾಸರ ಪದಗಳ ಗತಿ ಏನಾಗಬೇಕಿತ್ತು? 16ನೇ ಶತಮಾನದ ಪುರಂದರದಾಸರ ಹೆಚ್ಚಿನ ಪದಗಳ ಮೂಲ ಮಟ್ಟು ಉಳಿದಿಲ್ಲ. ಇವತ್ತು ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಮತ್ತೊಂದರಲ್ಲಿ ಹಾಡುತ್ತಾರೆ. ಸಾಹಿತ್ಯದ ಮಾತು ಅದೇ; ಬಣ್ಣ ಮಾತ್ರ ಬೇರೆ. ಬೇಡಿಕೆ ಗೋಗರೆತವಾಗುತ್ತದೆ, ಗದರಿಕೆ ಮುದ್ದಾಗುತ್ತದೆ.

ನೀಲಾಂಬರಿ ರಾಗ ನಿದ್ದೆ ತರಿಸುವುದಿಲ್ಲವೇ ಎಂದು ಕೇಳಬಹುದು. ಜೋಗುಳಕ್ಕೆ ಅದನ್ನು ಬಳಸಿ ಬಳಸಿ ಆ ನಂಟು ಬೆಳೆದಿದೆ. ನಿಧಾನದ ನಡೆಯೂ ಕೈಜೋಡಿಸುತ್ತದೆ. 'ಮಲಗು' ಎಂಬ ಮಾತು ಅದರ ಆರೋಹಣದಲ್ಲಿ ಎಲ್ಲೂ ಇಲ್ಲ. ಹಕ್ಕಿಯ ಕೂಗನ್ನೇ ಅನುಕರಿಸಿದರೆ? 1808ರಲ್ಲಿ ಮೊದಲು ನುಡಿಸಿದ ಆರನೇ ಸಿಂಫನಿಯಲ್ಲಿ ಬೀಥೋವನ್ ಕೊಳಲಿಗೆ ನೈಟಿಂಗೇಲ್, ಓಬೋಗೆ ಕ್ವೇಲ್, ಕ್ಲಾರಿನೆಟ್‌ಗೆ ಕುಕ್ಕೂ ಎಂದು ಸ್ವರಲಿಪಿಯಲ್ಲೇ ಹೆಸರು ಬರೆದಿಟ್ಟ. ಅನುಕರಣೆಗೂ ಚೀಟಿ ಅಂಟಿಸಬೇಕಾಯಿತು! ಇನ್ನು, ಸಂಗೀತ ಅರ್ಥ ಹೇಳಲೇಬೇಕೆಂದು ಹಟ ಹಿಡಿದರೆ ಮೊದಲು ಕಳೆದುಕೊಳ್ಳುವುದು ಆಲಾಪನೆಯನ್ನು. ಅರ್ಧ ಗಂಟೆ ಕಲ್ಯಾಣಿ ರಾಗವನ್ನು ತ-ದ-ರಿ-ನ ಎಂದಷ್ಟೇ ಹಾಡಿದವರನ್ನು 'ಏನು ಹೇಳಿದಿರಿ' ಎಂದು ಯಾರೂ ಕೇಳುವುದಿಲ್ಲ. ಮುಂದಿನ ಸಾಲಿನಿಂದ 'ಭಲೇ' ಎಂಬ ಉದ್ಗಾರ ಬರುತ್ತದೆ.