ಏಡಿಗಂತಿಯೂ ಕಿರಿಯ ಆರ್.ಎನ್.ಎ.ಗಳೂ

ಏಡಿಗಂತಿ, ಎಂದರೆ ಕ್ಯಾನ್ಸರ್, ಹುಟ್ಟಿದ ಎಡೆಯಲ್ಲಿಯೇ ನಿಂತಿದ್ದರೆ ಶಸ್ತ್ರವೈದ್ಯರು ಅದನ್ನು ಬಹುಮಟ್ಟಿಗೆ ಕತ್ತರಿಸಿ ತೆಗೆಯಬಲ್ಲರು. ಅದು ಮಾರಕವಾಗುವುದು ಹೆಚ್ಚಾಗಿ ಹರಡುವುದರಿಂದ. ಗರ್ಭಕಂಠದ ಏಡಿಗಂತಿಯಿಂದ 2022ರಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಸ್ತ್ರೀಯರು ಅಸುನೀಗಿದರೆಂದು ಅಂದಾಜು. ಒಂದೆಡೆ ನೆಲೆಸಿರಬೇಕಾದ ಜೀವಕೋಶವು ನೆಲೆ ಬಿಟ್ಟು ಹೊರಡುವುದೇಕೆ?

ಜೀವಕೋಶದ ಬೀಜಕೇಂದ್ರದಲ್ಲಿ ಡಿ.ಎನ್.ಎ. ಎಂಬ ಮೂಲಗ್ರಂಥವಿದೆ. ಅದರ ಬೇಕಾದ ಭಾಗವು ದೂತ ಆರ್.ಎನ್.ಎ.ಯಾಗಿ ನಕಲಾಗಿ ಹೊರಬರುತ್ತದೆ. ಆ ನಕಲಿನಂತೆ ಪ್ರೋಟೀನು ತಯಾರಾಗುತ್ತದೆ. ನಕಲು ಹೊರಬಂದ ಮೇಲೂ ಈ ತಯಾರಿಕೆಯನ್ನು ಹತೋಟಿಯಲ್ಲಿಡುವವು ಮೈಕ್ರೊ ಆರ್.ಎನ್.ಎ.ಗಳು. ಸುಮಾರು 22 ಅಕ್ಷರಗಳಷ್ಟೇ ಉದ್ದದ ಈ ತುಣುಕುಗಳು ತಮಗೆ ಹೊಂದುವ ದೂತನಿಗೆ ಅಂಟಿಕೊಂಡು ಅದನ್ನು ತಡೆಯುತ್ತವೆ, ಇಲ್ಲವೆ ನಾಶಗೊಳಿಸುತ್ತವೆ. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಇದನ್ನು 1993ರಲ್ಲಿ ಮಿಲಿಮೀಟರುದ್ದದ ಒಂದು ಹುಳುವಿನಲ್ಲಿ ತೋರಿಸಿಕೊಟ್ಟರು. 2024ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಗರ್ಭಕಂಠದಲ್ಲಿ ಕೇಡಿಗೆ ಮೊದಲು ಮಾಡುವುದು ಎಚ್.ಪಿ.ವಿ. ಎಂಬ ವೈರಸ್ಸು. ಅದರ ಇ6 ಪ್ರೋಟೀನು ಜೀವಕೋಶದ ಕಾವಲುಗಾರನಾದ ಪಿ53 ಪ್ರೋಟೀನನ್ನು ಇಲ್ಲವಾಗಿಸುತ್ತದೆ. ಆಗ ಪಿ53ರ ಆಣತಿಯಂತೆ ಹುಟ್ಟಬೇಕಾದ ಮಿರ್-34ಎ ಎಂಬ ಮೈಕ್ರೊ ಆರ್.ಎನ್.ಎ. ಕಡಮೆಯಾಗಿ, ಕೋಶವಿಭಜನೆ ಲಗಾಮು ತಪ್ಪುತ್ತದೆ.

ಇನ್ನು ಹರಡುವಿಕೆ. ಗಾರೆಯು ಇಟ್ಟಿಗೆಗಳನ್ನು ಹಿಡಿದಿರುವಂತೆ, ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ನೆರೆಯ ಜೀವಕೋಶಗಳನ್ನು ಹಿಡಿದಿರುತ್ತದೆ. ಜೆಬ್1 ಎಂಬ ಇನ್ನೊಂದು ಪ್ರೋಟೀನು ಈ ಗಾರೆಯ ತಯಾರಿಕೆಯನ್ನು ಕುಂದಿಸಬಲ್ಲುದು. ಮಿರ್-200 ಬಳಗವು ಜೆಬ್1ನ್ನು ಅದುಮಿಡುತ್ತದೆ. ಈ ಬಳಗ ಕ್ಷೀಣಿಸಿದರೆ ಜೆಬ್1 ತಲೆಯೆತ್ತುತ್ತದೆ, ಗಾರೆ ಸಡಿಲುತ್ತದೆ, ಕಳಚಿಕೊಂಡ ಜೀವಕೋಶವು ದುಗ್ಧರಸನಾಳಗಳ ಮೂಲಕ ಕಿಬ್ಬೊಟ್ಟೆಯ ಗ್ರಂಥಿಗಳನ್ನು ಸೇರಬಹುದು. ಆದರೆ ಎಲ್ಲ ಮೈಕ್ರೊ ಆರ್.ಎನ್.ಎ.ಗಳೂ ಹಿತಕಾರಿಗಳಲ್ಲ. ಮಿರ್-21 ಮಿತಿಮೀರಿದರೆ, ಬೆಳವಣಿಗೆಯನ್ನು ತಡೆಯುವ ಪಿಟೆನ್ ಎಂಬ ಪ್ರೋಟೀನೇ ಕಡಮೆಯಾಗುತ್ತದೆ.

ಈ ಸಮತೋಲ ಕೆಡುವುದು ಹೇಗೆ? ಮಣಿಪಾಲದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಕಾರಣದ ಮೇಲೆ ಬೆಳಕು ಚೆಲ್ಲಿದೆ. ಡಿ.ಎನ್.ಎ.ಯ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟುವುದರಲ್ಲಿ ವ್ಯತ್ಯಾಸವಾದರೆ, ಗರ್ಭಕಂಠದ ಏಡಿಗಂತಿಯಲ್ಲಿ ಕೆಲವು ಮೈಕ್ರೊ ಆರ್.ಎನ್.ಎ.ಗಳ ಉತ್ಪತ್ತಿಯೂ ಏರುಪೇರಾಗುತ್ತದೆ. ಮೂಲಗ್ರಂಥದ ಅಕ್ಷರ ಬದಲಾಗದಿದ್ದರೂ ಪುಟ ಮುಚ್ಚಿಹೋದಂತೆ!

ಈ ತಿಳಿವು ಚಿಕಿತ್ಸೆಯಾಗಿ ಒದಗಲು ಇನ್ನೂ ಕಾಲ ಬೇಕು. ಆದರೆ ವೈರಸ್ಸನ್ನು ತಡೆಯುವ ಲಸಿಕೆ ಈಗಾಗಲೇ ಇದೆ. ಸೋಂಕು ಬಹುಜನರಲ್ಲಿ ತಾನಾಗಿ ಅಳಿಯುತ್ತದೆ. ಉಳಿದುಕೊಂಡಲ್ಲಿಯೂ ಏಡಿಗಂತಿಯಾಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ಈ ದೀರ್ಘ ಅವಧಿಯಲ್ಲಿ ತಪಾಸಣೆ ಮಾಡಿಸಿಕೊಂಡರೆ, ಜೀವಕೋಶವು ನೆಲೆ ಬಿಟ್ಟು ಹೊರಡುವುದಕ್ಕೆ ಬಹು ಮೊದಲೇ ಅದನ್ನು ತಡೆದು ನಿಲ್ಲಿಸಬಹುದು. ಈ ಮಾತನ್ನು ನಮ್ಮ ವಿದ್ಯಾರ್ಥಿಗಳು ಮನೆಯ ತಾಯಂದಿರಿಗೂ ಅಕ್ಕತಂಗಿಯರಿಗೂ ಮುಟ್ಟಿಸಬೇಕು.