ಘಟಪ್ರಭೆಯ ಸೀಮೆಗೆ ಒಬ್ಬರೇ ಹೊರಟರೆ

ಗೋಕಾಕಕ್ಕೆ ಬಂದವರು ಜಲಪಾತದೆದುರು ಫೋಟೊ ತೆಗೆಸಿಕೊಂಡು, ಕರದಂಟಿನ ಡಬ್ಬಿ ಹಿಡಿದು ಸಂಜೆಯೊಳಗೆ ಬೆಳಗಾವಿಗೆ ಮರಳುತ್ತಾರೆ. ಹೆಗಲಿಗೊಂದು ಬ್ಯಾಗ್ ಹಾಕಿಕೊಂಡು ಒಬ್ಬರೇ ಬರುವವರಿಗೆ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ಇದಕ್ಕಿಂತ ಬಹಳವಿದೆ. ಊರು ಗೊತ್ತುಮಾಡುವ ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಇಲ್ಲಿ ಏನು ಕಾಣುತ್ತದೆ ಎಂಬುದು ಹೊಳೆಯ ಕೈಯಲ್ಲಿದೆ.

ಸಹ್ಯಾದ್ರಿಯಿಂದ ಇಳಿದ ಘಟಪ್ರಭೆ ಈ ಸೀಮೆಯಲ್ಲಿ ಮೊದಲು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಮುಂದೆ ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿ ಕೂಡಿಕೊಳ್ಳುತ್ತದೆ. ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ನೀರನ್ನು ಕಾಲುವೆಗೆ ತಿರುಗಿಸುತ್ತದೆ. ಒಡ್ಡು ದಾಟಿ ಉಳಿದ ನೀರಷ್ಟೇ ಗೋಕಾಕದ ಬಂಡೆಯಿಂದ 52 ಮೀಟರ್ ಕೆಳಗೆ ಧುಮುಕುತ್ತದೆ. ಆದ್ದರಿಂದಲೇ ಏಪ್ರಿಲ್‌ನಲ್ಲಿ ಬಂದವರು ಬರಿ ಬಂಡೆ ನೋಡಿ ಹೋಗುತ್ತಾರೆ, ಆಗಸ್ಟ್‌ನಲ್ಲಿ ಬಂದವರಿಗೆ ಕೆಂಪು ನೀರಿನ ಆರ್ಭಟ ಸಿಗುತ್ತದೆ. ಆಗ ಜಲಪಾತದ ಬಳಿಯ ತೂಗುಸೇತುವೆಗೆ ಬೀಗ ಹಾಕಿದ್ದರೆ ವಾದಿಸಬೇಡಿ. ಪಾಚಿಗಟ್ಟಿದ ಬಂಡೆಗೂ ಇಳಿಯಬೇಡಿ, ಜಾರಿದರೆ ಕೂಗು ಯಾರಿಗೂ ಕೇಳಿಸದು. ಗದ್ದಲ ಬೇಡವೆನ್ನುವವರು ಮಾರ್ಕಂಡೇಯ ನದಿ ಎರಡು ಹಂತದಲ್ಲಿ ಬೀಳುವ ಗೊಡಚಿನಮಲ್ಕಿಗೆ ನಡೆಯಲಿ.

ಬೇಸಿಗೆಯಲ್ಲಿ ಬರುವವರಿಗೆ ಹುನ್ನೂರು ಇದೆ. ಹಿಡಕಲ್ ಜಲಾಶಯದಲ್ಲಿ ಮುಳುಗಿದ ಅಲ್ಲಿನ ವಿಠ್ಠಲ ದೇವಸ್ಥಾನ ನೀರು ಇಳಿದಾಗ ಮೇಲೇಳುತ್ತದೆ. ಅಲ್ಲಿಗೆ ಹೋಗುವಾಗ ನೆಲ ನೋಡಿ ನಡೆಯಿರಿ. ಬಿರುಕುಬಿಟ್ಟ ಎರೆಮಣ್ಣು ಮೇಲೆ ಒಣಗಿ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಹಸಿ ಕೆಸರಿರುತ್ತದೆ. ದನಗಳು ಓಡಾಡಿದ ಜಾಡು ಹಿಡಿಯಿರಿ, ದನ ಕಾಯುವವರನ್ನು ಕೇಳಿ. ಚಳಿಗಾಲದಲ್ಲಾದರೆ ಧೂಪದಾಳದ ಹಿನ್ನೀರಿಗೆ ವಲಸೆ ಹಕ್ಕಿಗಳು ಬರುತ್ತವೆ. ಘಟಪ್ರಭಾ ರೈಲು ನಿಲ್ದಾಣ ಅಲ್ಲಿಗೆ ಹತ್ತಿರ.

ಓಡಾಟಕ್ಕೆ ಕೆಂಪು ಬಸ್ಸು, ಟಂಟಂ ಆಟೊ ಸಾಕು. ಹಳ್ಳಿಗೆ ಹೋಗುವವರು ವಸ್ತಿ ಬಸ್ಸಿನ ಲೆಕ್ಕ ತಿಳಿದಿರಬೇಕು. ರಾತ್ರಿ ಹಳ್ಳಿ ಸೇರುವ ಬಸ್ಸು ಅಲ್ಲೇ ನಿಂತು, ನಸುಕಿನಲ್ಲಿ ಪೇಟೆಗೆ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗುತ್ತಾರೆ. ನಡುವೆ ಮತ್ತೊಂದು ಬಸ್ಸು ಇರುವುದಿಲ್ಲ, ಹಳ್ಳಿಯಲ್ಲಿ ಲಾಡ್ಜೂ ಇಲ್ಲ. ಯಾರ ಮನೆಯಲ್ಲಿ ಉಳಿಯುತ್ತೇವೆಂದು ಖಾತ್ರಿಯಾಗದೆ ಅದನ್ನು ಹತ್ತಬೇಡಿ. ಹಗಲಿನಲ್ಲಿ ಹೋದವರು ಇಳಿಯುವಾಗಲೇ ಕಂಡಕ್ಟರನ್ನು ಕೇಳಿ: “ಅಣ್ಣಾರ, ವಾಪಸ್ ಕಡೀ ಬಸ್ಸು ಎಷ್ಟಕ್ಕೈತ್ರಿ?” ಒಂಟಿ ಹೆಣ್ಣುಮಕ್ಕಳು ಗೋಕಾಕ ಅಥವಾ ಸಂಕೇಶ್ವರದಲ್ಲಿ ಕೋಣೆ ಹಿಡಿದು, ಹಗಲಿನಲ್ಲೇ ಸುತ್ತಿ ಬರುವುದು ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬೈಕಿನವರು ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಓಡಿಸದಿರಲಿ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ಎಷ್ಟೋ ಸಲ ಹಿಂದೀಪವೇ ಇರುವುದಿಲ್ಲ.

ಮೂಡಲಗಿ ಕಡೆಗೆ ಜಾತ್ರೆಯ ದಿನ ವಿಚಾರಿಸಿಕೊಂಡು ಹೋಗಿ. ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ನೆಲ ಅದು. ಆ ಆಟದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನ ಊರೂ ಅಲ್ಲೇ. ಆಟ ಇದ್ದರೆ ನಡುವೆ ಏಳದೆ ಇರುಳಿಡೀ ಕೂತು ನೋಡಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ಚಂದ್ರಶೇಖರ ಕಂಬಾರರ ಹುಟ್ಟೂರು. ಅವರನ್ನು ಓದಿದವರಿಗೆ ಆ ಹೊಳೆದಂಡೆಯಲ್ಲಿ ಒಂದು ಮಧ್ಯಾಹ್ನ ಸಾಲದು.

ಮಳೆಗಾಲದಲ್ಲಿ ಹೊರಡುವ ಮುನ್ನ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಲೋಳಸೂರ ಸೇತುವೆಯ ಸುದ್ದಿ ಕೇಳಿ. ಹೊಳೆ ತುಂಬಿದಾಗ ಅದರ ಮೇಲೆ ನೀರು ಹರಿದು ದಾರಿ ಬಂದಾಗುತ್ತದೆ.